ಕಾಮಾಟಿಗಳ ಊರಲ್ಲಿ ಮಲಗುವ ಜಾಗ

ಮುಂಬೈಯ ಕಾಮಾಟಿಪುರ ಎಂದ ಕೂಡಲೇ ಎಲ್ಲರಿಗೂ ನೆನಪಾಗುವುದು ವೇಶ್ಯಾವಾಟಿಕೆ. ಹೆಸರು ಮಾತ್ರ ಕಲ್ಲು, ಗಾರೆ ಹೊತ್ತವರದು. 18ನೇ ಶತಮಾನದ ಕೊನೆಯಲ್ಲಿ ಹಾರ್ನ್‌ಬಿ ವೆಲ್ಲಾರ್ಡ್ ಎಂಬ ಒಡ್ಡು ಸಮುದ್ರದ ನೀರನ್ನು ತಡೆಯಿತು. ಆಮೇಲೆ ಒಣಗಿದ ತಗ್ಗಿನಲ್ಲಿ ನಿಜಾಮನ ಸೀಮೆಯಿಂದ ಬಂದ, ಹೆಚ್ಚಾಗಿ ತೆಲುಗು ಮಾತಾಡುವ ಕಾಮಾಟಿ ಕೂಲಿಗಳು ನೆಲೆಸಿದರು. ಮುಂದೆ ಅದೇ ಗಲ್ಲಿಗಳಲ್ಲಿ ಹಿಜ್ರಾಗಳ ಮನೆಗಳೂ ಆದವು.

ಕಾಮಾಟಿಗಳ ತವರು ಸಂಸ್ಥಾನ 1919ರಲ್ಲಿ ಹಿಜ್ರಾಗಳ ಹೆಸರನ್ನು ದಫ್ತರಿನಲ್ಲಿ ಬರೆದಿಡುವ ಕಾನೂನು ತಂದಿತು. ಪಟ್ಟಿಯಲ್ಲಿದ್ದವರು ಹೆಣ್ಣುಡುಗೆಯಲ್ಲಿ ಬೀದಿಯಲ್ಲಿ ಕಂಡರೆ ವಾರಂಟ್ ಇಲ್ಲದೆ ಹಿಡಿಯಬಹುದಿತ್ತು. ಕಲಬುರ್ಗಿ, ರಾಯಚೂರು, ಬೀದರ್ ಆಗ ಆ ಸಂಸ್ಥಾನದಲ್ಲೇ ಇದ್ದವು. ತೆಲಂಗಾಣ ಹೈಕೋರ್ಟು ಅದನ್ನು ರದ್ದು ಮಾಡಿದ್ದು 2023ರಲ್ಲಿ! ಸಲಿಂಗ ಸಂಬಂಧವನ್ನು ಅಪರಾಧವೆಂದ 377ನೇ ಕಲಮಿನ ಬಲ ಅದಕ್ಕೆ ಮೊದಲೇ, 2018ರ ಸೆಪ್ಟೆಂಬರ್ 6ರಂದು ಹೋಗಿತ್ತು.

ಆದರೆ ಕಟ್ಟಡದ ಕೆಲಸದಲ್ಲಿ ಕಲಮಿಗಿಂತ ದೊಡ್ಡದು ಶೆಡ್ಡು. ಗುತ್ತಿಗೆದಾರರು ಊರಿನಿಂದಲೇ ಜನ ತರುವಾಗ ಹಲವೆಡೆ ಲೆಕ್ಕ ‘ಜೋಡಿ’ಯದು. ಗಂಡ ಇಟ್ಟಿಗೆ ಕಟ್ಟುತ್ತಾನೆ, ಹೆಂಡತಿ ಬುಟ್ಟಿ ಹೊರುತ್ತಾಳೆ, ಇಬ್ಬರಿಗೂ ಸೇರಿ ಒಂದು ತಗಡಿನ ಗೂಡು. ಒಂಟಿ ಗಂಡಸರಿಗೆ ಬೇರೆ ಸಾಲು. ಆ ಸಾಲಿನಲ್ಲಿ ಸಲಿಂಗಿ ಕೂಲಿಯೊಬ್ಬ ಬಾಯಿ ಬಿಡದೆ ದಿನ ದೂಡಬಹುದು. ಕೆಲಸ ಕೊಡಿಸಿದ ಮೇಸ್ತ್ರಿ ಅವನ ಊರಿನವನೇ, ಪಕ್ಕದಲ್ಲಿ ಮಲಗಿದವನು ದಾಯಾದಿ. ಮುಂಬೈಯಲ್ಲಿ ಎದ್ದ ಮಾತು ಸಂಜೆಯೊಳಗೆ ಊರ ಕಟ್ಟೆ ತಲುಪುತ್ತದೆ. ದೊಡ್ಡ ನಗರದಲ್ಲಿ ಯಾರೂ ಯಾರನ್ನೂ ಕೇಳುವುದಿಲ್ಲ ಎನ್ನುವ ನಂಬಿಕೆ ಕಚೇರಿ ನೌಕರರದು ಅಂತ ನನ್ನ ಎಣಿಕೆ. ಸೀರೆಯುಟ್ಟ ಹಿಜ್ರಾಗೆ ಈ ಎರಡೂ ಸಾಲುಗಳಲ್ಲಿ ಜಾಗವಿಲ್ಲ.

1996ರ ಕಟ್ಟಡ ಕಾರ್ಮಿಕರ ಕಾಯ್ದೆಯ 34ನೇ ಕಲಮು 2025ರವರೆಗೆ ಕೂಲಿಗಳಿಗೆ ಪುಕ್ಕಟೆ ವಸತಿ, ಅಡುಗೆ ಜಾಗ, ಬಚ್ಚಲು, ಕಕ್ಕಸು ಕೊಡಬೇಕೆಂದು ಮಾಲೀಕನಿಗೆ ಹೇಳುತ್ತಿತ್ತು. ಯಾರ ಜೊತೆ ಯಾರು ಮಲಗಬೇಕು ಎನ್ನುವುದು ಮಾತ್ರ ಮುಕಾದಮನ ಕೈಯಲ್ಲೇ ಉಳಿಯಿತು. 2014ರ ಏಪ್ರಿಲ್ 15ರಂದು ಸುಪ್ರೀಂ ಕೋರ್ಟು ತೃತೀಯ ಲಿಂಗವನ್ನು ಒಪ್ಪಿ, ಶಿಕ್ಷಣ ಮತ್ತು ಸರ್ಕಾರಿ ನೇಮಕದಲ್ಲಿ ಮೀಸಲಾತಿ ಕೊಡಿ ಎಂದಿತು. ಬೆಳಗ್ಗೆ ಕೂಲಿಗಳು ನಿಲ್ಲುವ ನಾಕಾದಲ್ಲಿ ಮೀಸಲಾತಿಯ ಮಾತೇ ಇಲ್ಲ.

ಸಂಬಳದ ಕೆಲಸ ಸಿಕ್ಕ ಕಡೆಯೂ ಗಂಟು ಇದೇ. 2017ರಲ್ಲಿ ಕೊಚ್ಚಿ ಮೆಟ್ರೊ 23 ಮಂದಿ ಟ್ರಾನ್ಸ್‌ಜೆಂಡರ್ ಕಾರ್ಮಿಕರನ್ನು ನೇಮಿಸಿಕೊಂಡು ದೇಶದ ಸುದ್ದಿಯಾಯಿತು. ಸ್ವಲ್ಪ ದಿನಗಳಲ್ಲೇ ಎಂಟು ಮಂದಿ ಬಿಟ್ಟರು. ಊರಲ್ಲಿ ಅವರಿಗೆ ಬಾಡಿಗೆಗೆ ಕೋಣೆ ಕೊಡುವವರಿರಲಿಲ್ಲ. ಲಾಡ್ಜಿನ ಬಾಡಿಗೆಗೆ ಸಂಬಳ ಸಾಲದಾಯಿತು.