ಡಿಸ್ಕ್‌ರಹಿತ ಗಣಕಗಳ ನೆಟ್‌ವರ್ಕ್ ಬೂಟಿಂಗ್

ನೆಟ್‌ವರ್ಕ್ ಬೂಟಿಂಗ್ ಎಂಬುದು ಗಣಕಯಂತ್ರವೊಂದು ತನ್ನ ಕಾರ್ಯಾಚರಣ ವ್ಯವಸ್ಥೆಯನ್ನು ಸ್ವಂತ ಹಾರ್ಡ್ ಡಿಸ್ಕಿನಿಂದಲ್ಲದೆ, ಜಾಲದಲ್ಲಿರುವ ಸರ್ವರ್‌ನಿಂದ ಪಡೆದು ಚಾಲನೆಗೊಳ್ಳುವ ವಿಧಾನ. ಹೀಗೆ ನಡೆಯುವ, ಡಿಸ್ಕ್ ಇಲ್ಲದ ಯಂತ್ರಗಳನ್ನು ಡಿಸ್ಕ್‌ರಹಿತ ಗಣಕಗಳೆನ್ನುತ್ತಾರೆ. ಕಾಲೇಜುಗಳ ಪ್ರಯೋಗಾಲಯ, ಗ್ರಂಥಾಲಯ ಹಾಗೂ ಗಣಕ ಸಮೂಹಗಳಲ್ಲಿ ಇದರ ಬಳಕೆ ಹೆಚ್ಚು. ತಂತ್ರಾಂಶವನ್ನು ಒಂದೇ ಕಡೆ ಬದಲಿಸಿದರೆ ಸಾಕು, ಮುಂದಿನ ಬಾರಿ ಆರಂಭಗೊಂಡಾಗ ಎಲ್ಲ ಯಂತ್ರಗಳಿಗೂ ಅದು ತಲುಪಿರುತ್ತದೆ. ಆದರೆ ಆ ಒಂದು ಸರ್ವರ್ ಕೆಟ್ಟರೆ ಇಡೀ ಪ್ರಯೋಗಾಲಯವೇ ನಿಲ್ಲುತ್ತದೆ.

ಇದನ್ನು ಥಿನ್ ಕ್ಲೈಂಟ್ ಜೊತೆ ಗೊಂದಲಿಸಿಕೊಳ್ಳಬಾರದು. ಥಿನ್ ಕ್ಲೈಂಟಿನಲ್ಲಿ ಕ್ರಮವಿಧಿಗಳು ಸರ್ವರ್‌ನಲ್ಲಿಯೇ ನಡೆದು ಪರದೆ ಮಾತ್ರ ಇಲ್ಲಿ ಕಾಣುತ್ತದೆ; ಡಿಸ್ಕ್‌ರಹಿತ ಗಣಕವು ತನ್ನದೇ ಸಂಸ್ಕಾರಕ ಮತ್ತು ಸ್ಮರಣೆಯನ್ನು ಬಳಸುತ್ತದೆ.

ಇತಿಹಾಸ

ಡಿಸ್ಕುಗಳು ದುಬಾರಿಯಾಗಿದ್ದ 1980ರ ದಶಕದಲ್ಲಿ ಸನ್ ಮೈಕ್ರೋಸಿಸ್ಟಮ್ಸ್ ಸಂಸ್ಥೆಯ ಡಿಸ್ಕ್‌ರಹಿತ ಕಾರ್ಯಕೇಂದ್ರಗಳು ಪ್ರಸಿದ್ಧವಾಗಿದ್ದವು. ದೂರದ ಕಡತಗಳನ್ನು ಸ್ಥಳೀಯವೆಂಬಂತೆ ಬಳಸಲು ನೆರವಾಗುವ ಎನ್‌ಎಫ್‌ಎಸ್ ಕೂಡ ಅದೇ ಸಂಸ್ಥೆಯದು. 1985ರಲ್ಲಿ ಬಿಲ್ ಕ್ರಾಫ್ಟ್ ಮತ್ತು ಜಾನ್ ಗಿಲ್ಮೋರ್ ಬೂಟ್‌ಪಿ ಶಿಷ್ಟಾಚಾರವನ್ನು ಪ್ರಕಟಿಸಿದರು. ಅದರ ವಿಸ್ತರಣೆಯೇ 1993ರ ಡಿಎಚ್‌ಸಿಪಿ. ಆ ಕಾಲದ ಅನೇಕ ನೆಟ್‌ವರ್ಕ್ ಕಾರ್ಡ್‌ಗಳಲ್ಲಿ ಬೂಟ್ ರಾಮ್ ಚಿಪ್‌ಗೆಂದು ಖಾಲಿ ಸಾಕೆಟ್ ಇರುತ್ತಿತ್ತು. ಚಿಪ್ ಅನ್ನು ಪ್ರತ್ಯೇಕವಾಗಿ ಹೊಂದಿಸಬೇಕಿತ್ತು. ಇಂಟೆಲ್ ರೂಪಿಸಿದ ಪಿಎಕ್ಸ್‌ಇ ನಿರ್ದಿಷ್ಟತೆಯ 2.1ನೇ ಆವೃತ್ತಿ 1999ರಲ್ಲಿ ಹೊರಬಂದ ಬಳಿಕ ಈ ಸೌಲಭ್ಯ ಸಾಮಾನ್ಯ ಪಿಸಿಗಳಿಗೂ ಬಂತು.

ಕಾರ್ಯವಿಧಾನ

ವಿದ್ಯುತ್ ಕೊಟ್ಟ ಕೂಡಲೇ ಗಣಕಕ್ಕೆ ಗೊತ್ತಿರುವುದು ತನ್ನ ಕಾರ್ಡಿನ ಮ್ಯಾಕ್ ವಿಳಾಸವೊಂದೇ. ಅದು ಜಾಲಕ್ಕೆಲ್ಲ ಕೇಳುವಂತೆ ಡಿಎಚ್‌ಸಿಪಿ ವಿನಂತಿಯನ್ನು ಕಳುಹಿಸುತ್ತದೆ. ಉತ್ತರದಲ್ಲಿ ಐಪಿ ವಿಳಾಸದೊಂದಿಗೆ ಬೂಟ್ ಸರ್ವರ್ ಯಾವುದು, ತರಬೇಕಾದ ಕಡತ ಯಾವುದು ಎಂಬ ವಿವರಗಳಿರುತ್ತವೆ. ಆ ಕಡತವನ್ನು ಟಿಎಫ್‌ಟಿಪಿ ಮೂಲಕ ಇಳಿಸಿಕೊಳ್ಳಲಾಗುತ್ತದೆ. ಅದು ಪಿಎಕ್ಸ್‌ಲಿನಕ್ಸ್‌ನಂಥ ಪುಟ್ಟ ಬೂಟ್ ಲೋಡರ್ ಆಗಿದ್ದು, ಮುಂದೆ ಕರ್ನಲ್ ಹಾಗೂ ಆರಂಭಿಕ ರಾಮ್ ಡಿಸ್ಕ್ ಕಡತಗಳನ್ನು ತರುತ್ತದೆ. ಕರ್ನಲ್ ಎದ್ದ ನಂತರ ಮೂಲ ಕಡತವ್ಯವಸ್ಥೆಯನ್ನು ಎನ್‌ಎಫ್‌ಎಸ್ ಮೂಲಕ ಜೋಡಿಸಿಕೊಳ್ಳುತ್ತದೆ.

ಟಿಎಫ್‌ಟಿಪಿ ಅತಿ ಸರಳವಾದುದು, ಆದ್ದರಿಂದಲೇ ನಿಧಾನ. ಮೂಲ ರೂಪದಲ್ಲಿ ಅದು 512 ಬೈಟ್‌ಗಳ ತುಣುಕೊಂದನ್ನು ಕಳುಹಿಸಿ, ಸ್ವೀಕೃತಿ ಬರುವವರೆಗೆ ಕಾಯುತ್ತದೆ. 50 ಎಂಬಿ ಗಾತ್ರದ ಕಡತಕ್ಕೆ ಇಂಥ ಒಂದು ಲಕ್ಷಕ್ಕೂ ಹೆಚ್ಚು ತುಣುಕುಗಳು ಬೇಕು. ತುಣುಕಿನ ಸಂಖ್ಯೆಗೆ 16 ಬಿಟ್‌ಗಳು ಮಾತ್ರ ಇರುವುದರಿಂದ ಎಣಿಕೆ 65,535ಕ್ಕೆ ಮುಗಿಯುತ್ತದೆ. ಸುಮಾರು 32 ಎಂಬಿ ದಾಟಿದ ಕಡತಗಳಲ್ಲಿ ಕೆಲವು ಹಳೆಯ ಯಂತ್ರಗಳು ಸ್ತಬ್ಧವಾಗುವುದು ಇದೇ ಕಾರಣಕ್ಕೆ. ತುಣುಕಿನ ಗಾತ್ರ ಹಿಗ್ಗಿಸುವ ಆಯ್ಕೆ 1998ರಲ್ಲಿ ಮಾನಕವಾಯಿತು. ಐಪಿಎಕ್ಸ್‌ಇ ತಂತ್ರಾಂಶವು ಎಚ್‌ಟಿಟಿಪಿ ಮೂಲಕ ಕಡತಗಳನ್ನು ತಂದು ಈ ತೊಡಕನ್ನೇ ತಪ್ಪಿಸುತ್ತದೆ.

ಸರ್ವರ್ ಸಿದ್ಧತೆ

ಲಿನಕ್ಸ್‌ನಲ್ಲಿ ಡಿಎನ್‌ಎಸ್‌ಮಾಸ್ಕ್ ಎಂಬ ಒಂದೇ ತಂತ್ರಾಂಶ ಡಿಎಚ್‌ಸಿಪಿ ಮತ್ತು ಟಿಎಫ್‌ಟಿಪಿ ಎರಡನ್ನೂ ನಿರ್ವಹಿಸಬಲ್ಲದು. ಸಣ್ಣ ಪ್ರಯೋಗಾಲಯಕ್ಕೆ ಇದೇ ಸುಲಭ. ಕಟ್ಟಡದ ರೂಟರ್ ಈಗಾಗಲೇ ವಿಳಾಸ ಹಂಚುತ್ತಿದ್ದರೆ ಎರಡನೆಯ ಡಿಎಚ್‌ಸಿಪಿ ಸರ್ವರ್ ಹೂಡಲೇಬಾರದು. ಹೂಡಿದರೆ ಒಂದೇ ವಿಳಾಸ ಇಬ್ಬರಿಗೆ ಸಿಕ್ಕಿ, ಪ್ರಯೋಗಾಲಯಕ್ಕೆ ಸಂಬಂಧವೇ ಇಲ್ಲದ ಕಚೇರಿಯ ಗಣಕಗಳೂ ಸಂಪರ್ಕ ಕಳೆದುಕೊಳ್ಳಬಹುದು. ಇಂಥಲ್ಲಿ ಪ್ರಾಕ್ಸಿ ಡಿಎಚ್‌ಸಿಪಿ ವಿಧವನ್ನು ಬಳಸಬೇಕು: ವಿಳಾಸ ಕೊಡುವುದು ರೂಟರ್, ಬೂಟ್ ವಿವರ ಕೊಡುವುದು ಮಾತ್ರ ಹೊಸ ಸರ್ವರ್.

ಬಯಾಸ್ ಯಂತ್ರಗಳಿಗೂ ಯುಇಎಫ್‌ಐ ಯಂತ್ರಗಳಿಗೂ ಬೇರೆ ಬೇರೆ ಬೂಟ್ ಕಡತಗಳು ಬೇಕು. ಗಣಕವು ತನ್ನ ವಿನ್ಯಾಸವನ್ನು ಡಿಎಚ್‌ಸಿಪಿಯ 93ನೇ ಆಯ್ಕೆಯಲ್ಲಿ ತಿಳಿಸುತ್ತದೆ (ಬಯಾಸ್ ಆದರೆ 0, 64 ಬಿಟ್ ಯುಇಎಫ್‌ಐ ಆದರೆ ಸಾಮಾನ್ಯವಾಗಿ 7). ಅದನ್ನು ನೋಡಿ ಸರ್ವರ್ ಸೂಕ್ತ ಕಡತವನ್ನು ಸೂಚಿಸುವಂತೆ ಮಾಡಬೇಕು.

ಎಲ್ಲ ಗಣಕಗಳೂ ಒಂದೇ ಮೂಲ ಕಡತವ್ಯವಸ್ಥೆಗೆ ಬರೆಯತೊಡಗಿದರೆ ಅದು ಬೇಗ ಹಾಳಾಗುತ್ತದೆ. ಆದುದರಿಂದ ಅದನ್ನು ಓದಲು ಮಾತ್ರ ತೆರೆದಿಟ್ಟು, ಬದಲಾವಣೆಗಳು ಆಯಾ ಗಣಕದ ಸ್ಮರಣೆಯಲ್ಲಿ ಉಳಿಯುವಂತೆ ಓವರ್‌ಲೇ ಪದರವನ್ನು ಬಳಸುತ್ತಾರೆ. ವಿದ್ಯುತ್ ಹೋದೊಡನೆ ಆ ಬದಲಾವಣೆಗಳು ಅಳಿಸಿಹೋಗುತ್ತವೆ. ವಿದ್ಯಾರ್ಥಿಗಳ ಕೆಲಸ ಉಳಿಯಬೇಕಾದರೆ ಅವರ ಕಡತಕೋಶಗಳನ್ನು ಬರೆಯಲು ಅವಕಾಶವಿರುವ ಬೇರೆ ಎನ್‌ಎಫ್‌ಎಸ್ ಭಾಗದಲ್ಲಿ ಇಡುವುದು ಅಗತ್ಯ. ಮೊದಲ ಬಾರಿ ಹೊಂದಿಸುವವರು ಮರೆಯುವುದು ಇದನ್ನೇ.

ಸಾಮಾನ್ಯ ತೊಂದರೆಗಳು

ಪಿಎಕ್ಸ್‌ಇ-ಇ51 ಎಂಬ ಸಂದೇಶ ಬಂದರೆ ಡಿಎಚ್‌ಸಿಪಿ ಉತ್ತರವೇ ಬಂದಿಲ್ಲವೆಂದರ್ಥ. ಇ53 ಎಂದರೆ ಬೂಟ್ ಕಡತದ ಹೆಸರು ತಿಳಿದಿಲ್ಲ. ಇ32 ಎಂದರೆ ಟಿಎಫ್‌ಟಿಪಿ ಸರ್ವರ್ ಸ್ಪಂದಿಸಿಲ್ಲ, ಹೆಚ್ಚಾಗಿ ಫೈರ್‌ವಾಲ್ ಯುಡಿಪಿ 69ನೇ ಪೋರ್ಟನ್ನು ತಡೆದಿರುತ್ತದೆ. ಸರ್ವರ್ ಸರಿಯಿದ್ದೂ ಇ51 ಬರುತ್ತಿದ್ದರೆ ಸ್ವಿಚ್ಚನ್ನು ಪರೀಕ್ಷಿಸಬೇಕು. ಸ್ಪ್ಯಾನಿಂಗ್ ಟ್ರೀ ಚಾಲೂ ಇರುವ ಸ್ವಿಚ್ ಹೊಸ ಸಂಪರ್ಕವನ್ನು ಸುಮಾರು 30 ಸೆಕೆಂಡು ತಡೆಹಿಡಿಯುತ್ತದೆ. ಅಷ್ಟರಲ್ಲಿ ಗಣಕ ಕೇಳಿ ಕೇಳಿ ಸೋತಿರಬಹುದು. ಗಣಕಗಳಿಗೆ ಹೋಗುವ ಪೋರ್ಟ್‌ಗಳಲ್ಲಿ ಪೋರ್ಟ್‌ಫಾಸ್ಟ್‌ನಂಥ ವ್ಯವಸ್ಥೆ ಮಾಡಿದರೆ ಇದು ನಿವಾರಣೆಯಾಗುತ್ತದೆ.

ಭದ್ರತೆ

ಮೂಲ ಪಿಎಕ್ಸ್‌ಇ ಕ್ರಮದಲ್ಲಿ ಉತ್ತರಿಸಿದವರು ಯಾರೆಂದು ಪರಿಶೀಲಿಸುವ ವ್ಯವಸ್ಥೆಯಿಲ್ಲ. ಅದೇ ಜಾಲದಲ್ಲಿರುವ ಯಾರಾದರೂ ಮೊದಲೇ ಉತ್ತರ ಕೊಟ್ಟು ತಮ್ಮ ಕರ್ನಲ್ ಅನ್ನು ಉಣಿಸಬಹುದು. ಟಿಎಫ್‌ಟಿಪಿಯಲ್ಲಿ ಗುಪ್ತಪದವೂ ಇಲ್ಲದ ಕಾರಣ ಬೂಟ್ ಕಡತಗಳಲ್ಲಿ ಪಾಸ್‌ವರ್ಡ್, ಖಾಸಗಿ ಕೀಲಿ ಇತ್ಯಾದಿಗಳನ್ನು ಇಡಬಾರದು. ಪ್ರಯೋಗಾಲಯಕ್ಕೆ ಪ್ರತ್ಯೇಕ ವಿಲ್ಯಾನ್, ಸ್ವಿಚ್‌ನಲ್ಲಿ ಡಿಎಚ್‌ಸಿಪಿ ಸ್ನೂಪಿಂಗ್ ಮತ್ತು ಸಹಿ ಮಾಡಿದ ಕಡತಗಳನ್ನಷ್ಟೇ ಒಪ್ಪುವ ಸೆಕ್ಯೂರ್ ಬೂಟ್ ರೂಢಿಯಲ್ಲಿರುವ ರಕ್ಷಣೆಗಳು. ಇತ್ತೀಚಿನ ಯುಇಎಫ್‌ಐ ಫರ್ಮ್‌ವೇರ್‌ಗಳಲ್ಲಿ ಅನೇಕವು ಎಚ್‌ಟಿಟಿಪಿಎಸ್ ಮೂಲಕವೇ ಬೂಟ್ ಆಗಬಲ್ಲವು.