ಮೇಲ್ಮನವಿಯ ಹಂತದಲ್ಲಿ ನ್ಯಾಯಾಲಯದ ಬದಲಾವಣೆ

ಮೇಲ್ಮನವಿ ಯಾವ ಊರಿನಲ್ಲಿ ನಡೆಯಬೇಕೆಂಬುದು ಬಹುಮಟ್ಟಿಗೆ ವಿಚಾರಣೆಯ ಹಂತದಲ್ಲೇ ಇತ್ಯರ್ಥವಾಗಿರುತ್ತದೆ. ಉದಾಹರಣೆಗೆ, ಧಾರವಾಡದ ಸಪ್ತಾಪುರದ ಜಿಮ್‌ನಲ್ಲಿ 2016ರ ಜೂನ್ 15ರಂದು ಜಿಲ್ಲಾ ಪಂಚಾಯಿತಿ ಸದಸ್ಯ ಯೋಗೀಶಗೌಡ ಅವರ ಕೊಲೆಯಾಯಿತು. 2019ರಲ್ಲಿ ತನಿಖೆ ಸಿಬಿಐಗೆ ಹೋಯಿತು. ವಿಚಾರಣೆ ಬೆಂಗಳೂರಿನ ಜನಪ್ರತಿನಿಧಿಗಳ ವಿಶೇಷ ನ್ಯಾಯಾಲಯಕ್ಕೆ ಬಂತು. ಹೈಕೋರ್ಟಿನ ಪೀಠ ಧಾರವಾಡದಲ್ಲೇ ಇದ್ದರೂ, ಬೆಂಗಳೂರಿನ ನ್ಯಾಯಾಲಯದ ತೀರ್ಪಿನ ಮೇಲ್ಮನವಿ ಸಹಜವಾಗಿ ಸೇರುವುದು ನಾನೂರು ಕಿಲೋಮೀಟರ್ ಆಚೆಯ ಪ್ರಧಾನ ಪೀಠವನ್ನು.

ಧಾರವಾಡದಲ್ಲಿ 2008ರ ಜುಲೈನಲ್ಲಿ ಸಂಚಾರಿ ಪೀಠ ಆರಂಭವಾಗಿ, 2013ರ ಆಗಸ್ಟ್‌ನಲ್ಲಿ ಕಾಯಂ ಆಯಿತು. ಧಾರವಾಡ, ಕಲಬುರಗಿ, ಬೆಂಗಳೂರು ಪೀಠಗಳು ಒಂದೇ ಹೈಕೋರ್ಟಿನ ಅಂಗಗಳಾದ್ದರಿಂದ ಅವುಗಳ ನಡುವೆ ಕಡತ ಕಳಿಸುವುದು ಮುಖ್ಯ ನ್ಯಾಯಮೂರ್ತಿಗಳ ಆಡಳಿತಾಧಿಕಾರಕ್ಕೆ ಸೇರಿದ್ದು. ವರ್ಗಾವಣೆಯ ಕಲಮುಗಳು ಅನ್ವಯಿಸುವುದು ಬೇರೆ ಬೇರೆ ನ್ಯಾಯಾಲಯಗಳ ನಡುವೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ 24ನೇ ಕಲಮಿನಡಿ ಜಿಲ್ಲಾ ನ್ಯಾಯಾಲಯವೂ ಹೈಕೋರ್ಟೂ ತಮ್ಮ ಅಧೀನದಲ್ಲಿರುವ ಮೇಲ್ಮನವಿಯನ್ನು ಯಾವುದೇ ಹಂತದಲ್ಲಿ ವರ್ಗಾಯಿಸಬಹುದು. ರಾಜ್ಯದ ಗಡಿ ದಾಟಬೇಕಾದರೆ 25ನೇ ಕಲಮಿನಡಿ ಸುಪ್ರೀಂ ಕೋರ್ಟಿಗೇ ಹೋಗಬೇಕು. ಕ್ರಿಮಿನಲ್ ಮೇಲ್ಮನವಿಗಳಿಗೆ ಹಿಂದಿನ ದಂಡ ಪ್ರಕ್ರಿಯಾ ಸಂಹಿತೆಯ 406 ಮತ್ತು 407ನೇ ಕಲಮುಗಳಿದ್ದವು. 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 446 ಮತ್ತು 447 ಆ ಸ್ಥಾನದಲ್ಲಿವೆ.

ವರ್ಗಾವಣೆ ಕೋರುವವರಿಗೆ ನ್ಯಾಯ ಸಿಗಲಾರದೆಂಬ ಭೀತಿಯಿದ್ದರೆ ಅದಕ್ಕೆ ಸಕಾರಣ ಇರಬೇಕು. ಮೇನಕಾ ಗಾಂಧಿ ಪ್ರಕರಣದಲ್ಲಿ (1979) ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅತಿಸೂಕ್ಷ್ಮತೆಯನ್ನೂ ಕಕ್ಷಿದಾರರ ಅನುಕೂಲವನ್ನೂ ಸಾಲದ ಕಾರಣಗಳೆಂದು ಬದಿಗಿಟ್ಟರು. ಮೇಲ್ಮನವಿಯಲ್ಲಿ ಅನುಕೂಲದ ವಾದ ಇನ್ನೂ ಸೊರಗುತ್ತದೆ. ಸಾಕ್ಷಿಗಳು ಕಟಕಟೆ ಹತ್ತಿ ಇಳಿದಾಗಿದೆ. ಉಳಿದಿರುವುದು ಕೆಳ ನ್ಯಾಯಾಲಯದ ದಾಖಲೆ, ವಕೀಲರ ವಾದ. ಆದರೆ ಸರ್ಕಾರದ ಪರ ವಾದಿಸುವವರು ಯಾರೆಂಬ ಪ್ರಶ್ನೆ ಇಲ್ಲೂ ಅಷ್ಟೇ ತೀಕ್ಷ್ಣ.

ಜಯಲಲಿತಾ ಅವರ ಅಕ್ರಮ ಆಸ್ತಿ ಪ್ರಕರಣ ಇದಕ್ಕೆ ಅತ್ಯುತ್ತಮ ನಿದರ್ಶನ. ಚೆನ್ನೈನಲ್ಲಿ ಮರಳಿ ಕರೆಸಿದ ಸಾಕ್ಷಿಗಳು ಹೇಳಿಕೆ ಬದಲಿಸಿದರೂ ಸರ್ಕಾರಿ ಅಭಿಯೋಜಕರು ಸುಮ್ಮನಿದ್ದರು. ಡಿಎಂಕೆ ನಾಯಕ ಕೆ. ಅನ್ಬಳಗನ್ ಅವರ ಅರ್ಜಿಯ ಮೇಲೆ ಸುಪ್ರೀಂ ಕೋರ್ಟು 2003ರ ನವೆಂಬರ್ 18ರಂದು ವಿಚಾರಣೆಯನ್ನು ಬೆಂಗಳೂರಿಗೆ ವರ್ಗಾಯಿಸಿತು. 2014ರ ಸೆಪ್ಟೆಂಬರ್ 27ರಂದು ಶಿಕ್ಷೆಯಾದಾಗ ಮೇಲ್ಮನವಿ ಮದ್ರಾಸ್ ಹೈಕೋರ್ಟಿನ ಬದಲು ಕರ್ನಾಟಕ ಹೈಕೋರ್ಟಿಗೆ ಬಂತು. ಅಲ್ಲಿ ಭವಾನಿ ಸಿಂಗ್ ಅವರನ್ನು ವಿಶೇಷ ಅಭಿಯೋಜಕರನ್ನಾಗಿ ನೇಮಿಸಿದ್ದು ತಮಿಳುನಾಡು. ಆ ಅಧಿಕಾರ ತಮಿಳುನಾಡಿಗಿಲ್ಲವೆಂದು ಸುಪ್ರೀಂ ಕೋರ್ಟು 2015ರ ಏಪ್ರಿಲ್ 27ರಂದು ತೀರ್ಪಿತ್ತಿತು. ವರ್ಗಾವಣೆಯ ಪರಿಣಾಮ ವಿಚಾರಣೆಗೆ ಮುಗಿಯದೆ ಮೇಲ್ಮನವಿಯ ಅಭಿಯೋಜಕರ ನೇಮಕದವರೆಗೂ ಸಾಗುತ್ತದೆಂಬುದು ಇದರಿಂದ ಖಚಿತವಾಯಿತು. ಈ ತೀರ್ಪಿಗೆ ಸಲ್ಲಬೇಕಾದಷ್ಟು ಗಮನ ಸಂದಿಲ್ಲ.

ಕ್ರಿಮಿನಲ್ ಪ್ರಕರಣದ ವರ್ಗಾವಣೆ ಅರ್ಜಿಯ ಜೊತೆ ಸಾಮಾನ್ಯವಾಗಿ ಪ್ರಮಾಣಪತ್ರ (ಅಫಿಡವಿಟ್) ಇರಬೇಕು. ಆರೋಪಿ ಹೈಕೋರ್ಟಿಗೆ ಅರ್ಜಿ ಹಾಕುವುದಾದರೆ ಸರ್ಕಾರಿ ಅಭಿಯೋಜಕರಿಗೆ ಲಿಖಿತ ನೋಟಿಸು ಕೊಟ್ಟು ಕನಿಷ್ಠ 24 ಗಂಟೆ ಕಳೆದ ಮೇಲಷ್ಟೇ ಅದರ ಗುಣದೋಷಗಳ ಮೇಲೆ ಆದೇಶ ಸಾಧ್ಯ. ಒಂದೇ ಸೆಷನ್ಸ್ ವಿಭಾಗದೊಳಗಿನ ವರ್ಗಾವಣೆಗೆ ಮೊದಲು ಸೆಷನ್ಸ್ ನ್ಯಾಯಾಧೀಶರನ್ನು ಕೇಳಿ, ಅಲ್ಲಿ ತಿರಸ್ಕೃತವಾಗಿರಬೇಕು. ಹುರುಳಿಲ್ಲದ ಅರ್ಜಿಯೆಂದು ಕಂಡರೆ ಎದುರುಪಕ್ಷಕ್ಕೆ ಪರಿಹಾರ ಕೊಡಿಸುವ ಅಧಿಕಾರವೂ ನ್ಯಾಯಾಲಯಕ್ಕಿದೆ.