ಕಲ್ಲಿನ ಗುಣವರಿತ ಕೈಗಳು: ನಮ್ಮ ಸೀಮೆಯ ಹಳೆಯ ಗುಡಿ, ಬಸದಿಗಳು

ಬೇಲೂರು, ಹಳೇಬೀಡು, ಹಂಪಿಗಳಿಗೆ ಶಾಲಾ ಪ್ರವಾಸ ಹೋಗಿ ಬರುವ ನಾವು, ಅದೇ ಪರಂಪರೆಯ ಕೆಲಸ ನಮ್ಮ ಜಿಲ್ಲೆಯಲ್ಲೂ ಇದೆಯೆಂಬುದನ್ನು ಮರೆಯುತ್ತೇವೆ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಹಳೆಯ ಕಟ್ಟಡಗಳನ್ನು ಒಟ್ಟಿಗೆ ನೋಡಿದರೆ ಒಂದು ಮಾತು ಸ್ಪಷ್ಟವಾಗುತ್ತದೆ: ನಮ್ಮ ಕುಶಲಕರ್ಮಿಗಳು ಸಿಕ್ಕ ಸಾಮಗ್ರಿಯ ಗುಣವರಿತು ಕಟ್ಟಿದರು.

ಹೊಸದುರ್ಗ ತಾಲ್ಲೂಕಿನ ಹೆಗ್ಗೆರೆಯ ಪಾರ್ಶ್ವನಾಥ ಬಸದಿ ಹೊಯ್ಸಳರ ಕಾಲದ್ದು. ಸುಮಾರು 1160ರಲ್ಲಿ ಸಾಮಂತ ಗೋವಿದೇವನು ತನ್ನ ಮಡದಿ ಮಹಾದೇವಿ ನಾಯಕಿತಿಯ ನೆನಪಿಗೆ ಇದನ್ನು ಕಟ್ಟಿಸಿದನು. ಹೊಯ್ಸಳ ಶಿಲ್ಪಿಗಳು ಮೆಚ್ಚಿದ್ದು ಬಳಪದ ಕಲ್ಲನ್ನು. ಗಣಿಯಿಂದ ತೆಗೆದಾಗ ಅದು ಮೃದು, ಗಾಳಿಗೆ ಒಡ್ಡಿದಂತೆ ಗಟ್ಟಿ. ನುಣುಪಾದ ದುಂಡು ಕಂಬ, ಸೂಕ್ಷ್ಮ ಕೆತ್ತನೆಗಳು ಸಾಧ್ಯವಾದದ್ದು ಇದರಿಂದಲೇ.

ಸುಮಾರು ಅದೇ ಕಾಲದಲ್ಲಿ, 1163ರಲ್ಲಿ, ಪ್ಯಾರಿಸ್ ನಗರದಲ್ಲಿ ನೋತ್ರ್ ದಾಮ್ ಚರ್ಚಿನ ಕೆಲಸ ಆರಂಭವಾಯಿತು. ಅಲ್ಲಿಯವರು ಕಮಾನು ಕಟ್ಟಿ ಚಾವಣಿಯ ಭಾರವನ್ನು ಪಕ್ಕಕ್ಕೆ ಸಾಗಿಸಿ, ಹೊರಗಿನ ಆಸರೆಗಳಿಂದ ತಡೆದರು. ನಮ್ಮವರು ಕಂಬದ ಮೇಲೆ ತೊಲೆ, ತೊಲೆಯ ಮೇಲೆ ಚಪ್ಪಡಿ ಇಟ್ಟು ಭಾರವನ್ನು ನೇರವಾಗಿ ನೆಲಕ್ಕಿಳಿಸಿದರು. ಚರ್ಚಿನ ನಡುವೆ ವಿಶಾಲ ಬಯಲು, ನಮ್ಮ ಮಂಟಪಗಳಲ್ಲಿ ಕಂಬಗಳ ಸಾಲು ಇರುವುದು ಈ ಕಾರಣಕ್ಕೆ.

ಚಿತ್ರದುರ್ಗದ ಬೆಟ್ಟದ ಕಲ್ಲು ಬೇರೆ. ಅದು ಉಳಿಗೆ ಸುಲಭವಾಗಿ ಬಗ್ಗದ ಕಗ್ಗಲ್ಲು. ಸಾಲಾಗಿ ಕುಳಿ ಕೊರೆದು, ಬೆಣೆ ಬಡಿದು ಸೀಳಬೇಕು. ಇಲ್ಲಿ ಜಾಣ್ಮೆ ಕೆತ್ತನೆಗಿಂತ ಜೋಡಣೆಯಲ್ಲಿದೆ. ಕೋಟೆಯ ಅನೇಕ ಗೋಡೆಗಳು ಗಾರೆಯಿಲ್ಲದೆ ಇಂದಿಗೂ ನಿಂತಿವೆ. ಹಿರಿಯೂರಿನ ತೇರುಮಲ್ಲೇಶ್ವರ ಗುಡಿಯಲ್ಲಿ ಕುಂಚದ ಕೆಲಸವನ್ನೂ ಕಾಣುತ್ತೇವೆ. ಮಂಟಪದ ಚಾವಣಿಯಲ್ಲಿ ಶಿವನ ಕಥೆಗಳು, ರಾಮಾಯಣ, ಮಹಾಭಾರತದ ಚಿತ್ರಗಳಿವೆ. ಹೊಳಲ್ಕೆರೆಯ ಬಯಲು ಗಣಪತಿಯನ್ನು 1475ರಲ್ಲಿ ಗುಲ್ಯಪ್ಪ ನಾಯಕ ಮಾಡಿಸಿದನೆಂದು ತಿಳಿದದ್ದು ಶಾಸನದಿಂದ.

ಇಂದು ಊರೂರಲ್ಲಿ ಜೀರ್ಣೋದ್ಧಾರದ ಉತ್ಸಾಹವಿದೆ. ಭಕ್ತಿ ದೊಡ್ಡದೇ. ಆದರೆ ಎಣ್ಣೆಬಣ್ಣ ಬಳಿದರೆ ಶಾಸನದ ಅಕ್ಷರ ಮುಚ್ಚುತ್ತದೆ. ಹಳೆಯ ಸುಣ್ಣದ ಗಾರೆಯ ಮೇಲೆ ಸಿಮೆಂಟ್ ಮೆತ್ತಿದರೆ ತೇವ ಒಳಗೇ ನಿಂತು ಗೋಡೆ ಕೆಡುತ್ತದೆ. ಚಾವಣಿ ಸೋರಿದರೆ ಚಿತ್ರ ಅಳಿಯುತ್ತದೆ. ಒಮ್ಮೆ ಹೋದದ್ದು ಮರಳಿ ಬಾರದು.

ನಮ್ಮ ಶಾಲೆಯಲ್ಲಿ ಕಲಿತವರು ಇಂದು ಎಂಜಿನಿಯರುಗಳು, ಶಿಕ್ಷಕರು, ಗುತ್ತಿಗೆದಾರರು, ಪಂಚಾಯಿತಿ ಸದಸ್ಯರು ಆಗಿದ್ದಾರೆ. ಊರಿನ ಗುಡಿಗೆ ಕೈಹಾಕುವ ಮೊದಲು ಅದರ ಅಳತೆ ತೆಗೆದು, ಚಿತ್ರ ಹಿಡಿದು, ಪುರಾತತ್ವ ಇಲಾಖೆಯನ್ನು ಕೇಳುವುದು ಇವರೆಲ್ಲರ ಕೈಲಾಗುವ ಕೆಲಸ. ಸುವರ್ಣ ಮಹೋತ್ಸವದ ಈ ವರ್ಷವೇ ಅದನ್ನು ಆರಂಭಿಸೋಣ.